ರಾಮದುರ್ಗದ ಹತ್ತು ನಿಮಿಷ

ಬೈಲಹೊಂಗಲದ ತನ್ನ ಓಣಿಯಲ್ಲಿ ದುರ್ಗಾಳ ಕೆಲಸ ಏನೆಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಲೇಜಿನಲ್ಲಿ ಟೀಚರ್ ಅನ್ನುವವರಿದ್ದಾರೆ, ಕರೆಂಟಿನ ಕೆಲಸ ಅನ್ನುವವರಿದ್ದಾರೆ. ಅವಳಪ್ಪ ಶಟ್ಟೆಪ್ಪ ಮನೆಗಳಿಗೆ ಬಣ್ಣ ಹಚ್ಚುವವನು. ಅವನನ್ನು ಕೇಳಿದರೆ ಕುಂಚ ಕೆಳಗಿಟ್ಟು, ಮೀಸೆ ಸವರಿಕೊಂಡು, "ನಮ್ಮ ಹುಡುಗಿ ಮಷಿನ್‌ಗಳಿಗೆ ಥಂಡಿ ಹಾಕಿ ಕಾಯ್ತಾಳ್ರಿ, ಬಾಳ ಜವಾಬ್ದಾರಿ ಕೆಲಸ" ಅನ್ನುತ್ತಾನೆ. ನಗಬೇಡಿ, ಅದು ಪೂರ್ತಿ ಸುಳ್ಳೇನಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳಲ್ಲಿ ಕಾಲೇಜು ನಡೆಸುವ ಒಂದು ವಿದ್ಯಾಸಂಸ್ಥೆ ಇದೆ. ಮಕ್ಕಳ ಅಂಕ, ಹಾಜರಿ, ಪಾಠದ ವಿಡಿಯೊ, ಗ್ರಂಥಾಲಯ, ಹಾಸ್ಟೆಲ್ಲು ಎಲ್ಲವೂ ಸಂಸ್ಥೆಯ ಸ್ವಂತ ಕ್ಲೌಡಿನಲ್ಲಿವೆ. ಕ್ಲೌಡು ಎಂದರೆ ಕತ್ತೆತ್ತಿ ಮೇಲೆ ನೋಡಬೇಕಿಲ್ಲ, ಅದು ಇರುವುದು ಹಿಂದೊಮ್ಮೆ ಹತ್ತಿ ಮೂಟೆ ಒಟ್ಟುತ್ತಿದ್ದ ಹಳೆಯ ಗೋದಾಮಿನಲ್ಲಿ. ಅಲ್ಲಿ ಕಪ್ಪು ಕಪಾಟುಗಳಲ್ಲಿ ಸರ್ವರುಗಳು ಹಗಲೂ ರಾತ್ರಿ ಗುಂಯ್ ಎನ್ನುತ್ತವೆ, ಎರಡು ಎಸಿಗಳು ಸರದಿಯ ಮೇಲೆ ಓಡುತ್ತವೆ. ಮೊದಲ ಸರ್ವರನ್ನು ಪೆಟ್ಟಿಗೆಯಿಂದ ಬಿಚ್ಚಿದವಳು ದುರ್ಗಾ, ಗೋಡೆಗೆ ಬಣ್ಣ ಹಚ್ಚಿದವನು ಅವಳಪ್ಪ. ಆ ಕೋಣೆ ಎಂದರೆ ಅವಳಿಗೆ ಜೀವ.

ದುರ್ಗಾಳಿಗೆ ಒಂದು ಹೆಮ್ಮೆಯಿತ್ತು, ಅದನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ. ಅವಳು ಹುಟ್ಟಿ ಬೆಳೆದದ್ದು ರಾಮದುರ್ಗ ತಾಲ್ಲೂಕಿನ ತೊರಗಲ್‌ನಲ್ಲಿ. ಡಿಗ್ರಿ ಓದಿದ್ದು ಇದೇ ಸಂಸ್ಥೆಯ ರಾಮದುರ್ಗದ ಕಾಲೇಜಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬಂದು. ಕಾಲೇಜಿಗೆ ಸೇರಿಸುವಾಗಲೇ ಶಟ್ಟೆಪ್ಪ ಒಂದು ಮಾತು ಹಾಕಿದ್ದ: "ನೋಡವಾ, ಸಂಜೀ ಬಸ್ಸಿಗೆ ಮನೀಗೆ ಬರಬೇಕು. ಒಂದಿನ ಬಸ್ ತಪ್ಪಿತಂದ್ರ ಮರದಿನದಿಂದ ಕಾಲೇಜು ಬಂದ್." ಅಷ್ಟೂ ವರ್ಷಗಳಲ್ಲಿ ದುರ್ಗಾ ಒಂದು ದಿನವೂ ಬಸ್ ತಪ್ಪಿಸಿಕೊಳ್ಳಲಿಲ್ಲ. ಈಗ ಆಫೀಸಿಗೆ ತಡವಾಗಿ ಬರುವವರಿಗೆಲ್ಲ ಅವಳು ಇದನ್ನೇ ಹೇಳುವಳು: "ನಾ ಒಂದಿನಾನೂ ಬಸ್ ತಪ್ಪಿಸಿಕೊಂಡಾಕಿ ಅಲ್ಲ. ಟೈಮ್ ಅಂದ್ರ ಟೈಮ್." ಕೇಳಿ ಕೇಳಿ ಅವರ ಕಿವಿ ತೂತು ಬಿದ್ದಿದ್ದವು.

ಇರಲಿ, ಪಾಸ್‌ವರ್ಡಿನ ಗೋಳಿಗೆ ಬರೋಣ. ಕ್ಲೌಡಿನಲ್ಲಿ ಎಷ್ಟು ಬಾಗಿಲೋ ಅಷ್ಟು ಪಾಸ್‌ವರ್ಡು. ಅಂಕ ನೋಡಲು ಒಂದು, ಪುಸ್ತಕ ಕೇಳಲು ಇನ್ನೊಂದು, ಪಾಠಕ್ಕೆ ಮತ್ತೊಂದು. ಕಿತ್ತೂರಿನ ಹುಡುಗರು ಸೋಮವಾರ ಇಟ್ಟದ್ದನ್ನು ಮಂಗಳವಾರ ಮರೆಯುತ್ತಿದ್ದರು. ಸವದತ್ತಿಯ ಪ್ರಾಚಾರ್ಯರ ಪಾಸ್‌ವರ್ಡು ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಬಾಯಿಪಾಠವಾಗಿತ್ತು. ಬೈಲಹೊಂಗಲದ ಗ್ರಂಥಪಾಲಕರು ಅಂಗೈ ಮೇಲೆ ಬರೆದುಕೊಂಡಿದ್ದು ಮಧ್ಯಾಹ್ನ ಊಟಕ್ಕೆ ಕೈ ತೊಳೆದಾಗ ಹರಿದುಹೋಯಿತು. "ಮೇಡಂ, ಮತ್ತ ಮರ್ತೇನ್ರಿ" ಎನ್ನುವ ಫೋನುಗಳಿಗೆ ಉತ್ತರ ಕೊಟ್ಟು ಕೊಟ್ಟು ದುರ್ಗಾಳ ತಲೆ ಚಿಟ್ಟು ಹಿಡಿದಿತ್ತು.

ಒಂದು ದಿನ ಅವಳು ಸಂಸ್ಥೆಯ ಕಾರ್ಯದರ್ಶಿ ನಿಜಗುಣಪ್ಪನವರ ಮುಂದೆ ಹೋಗಿ ನಿಂತಳು. ಬೆಳಿಗ್ಗೆ ಒಮ್ಮೆ ಒಂದೇ ಪಾಸ್‌ವರ್ಡು ಕೊಟ್ಟರೆ ಸಾಕು, ಒಂದು ಸರ್ವರು ಆ ದಿನದ ಟಿಕೆಟ್ ಕೊಡುತ್ತದೆ, ಆಮೇಲೆ ಯಾವ ಬಾಗಿಲಿಗೆ ಹೋದರೂ ಟಿಕೆಟ್ ತೋರಿಸಿದರಾಯಿತು ಎಂದಳು.

"ಟಿಕೆಟ್ಟ?" ನಿಜಗುಣಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ನಾವೇನ್ ಸಿನೆಮಾ ಥೇಟರ್ ನಡಸಾಕತ್ತೇವೇನ್?"

"ಹಂಗಲ್ರಿ ಸಾಹೇಬ್ರ. ಬಸ್ ಸ್ಟ್ಯಾಂಡಿನ್ಯಾಗ ಪಾಸ್ ಮಾಡಸೂಮುಂದ ಒಮ್ಮೆ ಆಧಾರ ಕಾರ್ಡ್ ತೋರಸ್ತೇವಿ. ಆಮ್ಯಾಲ ಬಸ್ ಹತ್ತಿದಾಗೊಮ್ಮೆ ಕಂಡಕ್ಟರ್‌ಗೆ ಆಧಾರ ತೋರಸ್ತೇವೇನ್ರಿ? ಪಾಸ್ ತೋರಸ್ತೇವಿ. ಇದೂ ಹಂಗ."

"ಪಾಸ್ ಯಾರರ ಕದ್ದರ?"

"ಅದಕ್ಕ ಅದರ ಮ್ಯಾಲ ವ್ಯಾಳ್ಯಾ ಇರತೈತ್ರಿ. ಯಾವಾಗ ಕೊಟ್ಟದ್ದು, ಯಾವಾಗ ಮುಗಿಯೂದು. ವ್ಯಾಳ್ಯಾ ಮುಗೀತಂದ್ರ ಅದು ರದ್ದಿ."

ನಿಜಗುಣಪ್ಪನವರು ಒಪ್ಪಿದರು, ಆದರೆ ಒಂದು ಗಂಟು ಹಾಕಿ ಒಪ್ಪಿದರು. ಪುಣೆಯ ಒಂದು ಕಂಪನಿ ಇದೆಲ್ಲವನ್ನೂ ತಾವೇ ನೋಡಿಕೊಳ್ಳುತ್ತೇವೆಂದು ಅವರ ಬೆನ್ನು ಬಿದ್ದಿತ್ತು. "ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ನಾಲ್ಕೂ ಕಾಲೇಜಿನ್ಯಾಗ ಕಂಪ್ಯೂಟರ್ ಮ್ಯಾಲ ಪರೀಕ್ಷಾ ಐತಿ. ನಾಲ್ಕೂ ಕಡೆ ನಿನ್ನ ಟಿಕೆಟ್ ನಡದ್ರ ನಡೀತು. ಒಂದು ಕಡೆ ನಿಂತರೂ ನಾ ಪುಣೇದವ್ರಿಗೆ ಹೂಂ ಅಂತೇನಿ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ." ಪುಣೆಯವರು ಬಂದರೆ ಗೋದಾಮಿಗೆ ಬೀಗ, ದುರ್ಗಾಳಿಗೆ ಬೀಳ್ಕೊಡುಗೆಯ ಒಂದು ಶಾಲು. ಆದರೂ "ಆತ್ರಿ" ಎಂದು ಬಂದಳು.

ಮುಂದಿನ ದಿನಗಳಲ್ಲಿ ಅವಳು ಊಟ ಮಾಡಿದ್ದು ಎಷ್ಟು, ಬಿಟ್ಟಿದ್ದು ಎಷ್ಟು, ಕೇಳಬೇಡಿ. ಟಿಕೆಟ್ ಕೊಡುವ ಸರ್ವರು ನಿಲ್ಲಿಸಿದಳು. ಅದು ಬಿದ್ದರೆ ಕೈಹಿಡಿಯಲು ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿದಳು. ಕ್ಲೌಡಿನ ಒಂದೊಂದು ಬಾಗಿಲಿಗೂ ಅದರದೇ ಗುಟ್ಟಿನ ಕೀಲಿ ಮಾಡಿ ಇಟ್ಟಳು, ಟಿಕೆಟ್ ಖರೆಯೋ ಖೋಟಾವೋ ಎಂದು ಬಾಗಿಲಿಗೇ ಗೊತ್ತಾಗುವ ಹಾಗೆ. ಬೈಲಹೊಂಗಲದಲ್ಲಿ ನಡೆಯಿತು. ಕಿತ್ತೂರಿನಲ್ಲಿ ನಡೆಯಿತು. ಸವದತ್ತಿಯ ಪ್ರಾಚಾರ್ಯರು ತಾವೇ ಫೋನು ಮಾಡಿ, "ಒಂದ ಪಾಸ್‌ವರ್ಡ್, ಎಲ್ಲಾ ತೆರೀತು ನೋಡವಾ! ಇದನ್ನಂತೂ ಯಾರಿಗೂ ಹೇಳಂಗಿಲ್ಲ" ಎಂದು ಸಣ್ಣ ಹುಡುಗನ ಹಾಗೆ ಹಿಗ್ಗಿದರು.

ರಾಮದುರ್ಗ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅಲ್ಲಿನ ಯಾವ ಕಂಪ್ಯೂಟರಿಗೂ ಟಿಕೆಟ್ ಸಿಗಲೊಲ್ಲದು.

ದುರ್ಗಾ ಸರ್ವರಿನ ದಾಖಲೆ ತೆಗೆದು ನೋಡಿದಳು. ಕಾರಣ ಅಲ್ಲೇ ಇತ್ತು: ರಾಮದುರ್ಗದ ಗಡಿಯಾರಕ್ಕೂ ಬೈಲಹೊಂಗಲದ ಗಡಿಯಾರಕ್ಕೂ ತಾಳೆಯಾಗುತ್ತಿಲ್ಲ. ಈ ಪದ್ಧತಿಯಲ್ಲಿ ಕಂಪ್ಯೂಟರುಗಳ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ, ಯಾರೋ ಹಳೆಯ ಟಿಕೆಟ್ ಕದ್ದು ತಂದಿದ್ದಾರೆಂದು ಅನುಮಾನಪಟ್ಟು ಸರ್ವರು ಬಾಗಿಲು ಹಾಕುತ್ತದೆ. ಬರೀ ಪಾಸ್‌ವರ್ಡು ಇದ್ದಾಗ ಗಡಿಯಾರದ ಗೊಡವೆ ಯಾರಿಗೂ ಇರಲಿಲ್ಲ. ರಾಮದುರ್ಗದ ಲ್ಯಾಬಿನಲ್ಲಿ ಬಾಗಿಲ ಪಕ್ಕದ ಕಂಪ್ಯೂಟರೇ ಹಿರಿಯಣ್ಣ, ಉಳಿದವು ಅದನ್ನು ನೋಡಿ ಟೈಮು ಇಟ್ಟುಕೊಳ್ಳುತ್ತವೆ. ಆ ಹಿರಿಯಣ್ಣ ಹತ್ತು ನಿಮಿಷ ಮುಂದೆ ಓಡುತ್ತಿದ್ದ. "ಇಷ್ಟಕ್ಕ ಇಷ್ಟು ಕಾಡಿದಿ ಏನಪಾ" ಎಂದು ದುರ್ಗಾ ಬೈಲಹೊಂಗಲದಿಂದಲೇ ಅದನ್ನು ಸರಿಪಡಿಸಿದಳು. ಟಿಕೆಟ್ ಪಟ್ಟನೆ ಬಂತು. ಅಂದು ಹೊಟ್ಟೆ ತುಂಬ ರೊಟ್ಟಿ ತಿಂದು ಮಲಗಿದಳು.

ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಹತ್ತು ನಿಮಿಷ ಮುಂದೆ! ಸರಿಮಾಡಿದಳು. ಅದರ ಮರುದಿನ ಮತ್ತೆ ಅದೇ ಹಾಡು. ಕಂಪ್ಯೂಟರಿನ ಒಳಗಿನ ಸೆಲ್ ಸತ್ತಿರಬಹುದೆಂದು ಮೊದಲು ಅಂದುಕೊಂಡಳು. ಆದರೆ ಸೆಲ್ ಸತ್ತ ಗಡಿಯಾರ ಹಿಂದೆ ಬೀಳುತ್ತದೆ, ದಿನಾ ಬರೋಬ್ಬರಿ ಹತ್ತು ನಿಮಿಷ ಮುಂದೆ ಹೋಗುವುದಿಲ್ಲ. ಇದು ಮನುಷ್ಯರ ಕೈ. ಬೇಕೆಂದೇ ಯಾರೋ ಮಾಡುತ್ತಿದ್ದಾರೆ. ಪುಣೆಯವರ ಕಡೆಯವರೇ ಯಾರಾದರೂ ಇರಬಹುದೇ? ಅವಳಿಗೆ ಮೈಯೆಲ್ಲ ಉರಿಯಿತು, ಆ ಉರಿಯಲ್ಲೇ ನಿಜಗುಣಪ್ಪನವರಿಗೆ ಫೋನು ಹಚ್ಚಿದಳು.

"ಯಾರಂತ ಹಿಡಕೊಂಡು ಬಾ" ಎಂದರು ಅವರು. "ನಿಂತ ಕಾಲ ಮ್ಯಾಲ ಕೆಲಸದಿಂದ ತಗೀತೇನಿ."

ಶುಕ್ರವಾರ ಬೆಳಿಗ್ಗೆ ದುರ್ಗಾ ಬಸ್ ಹತ್ತಿದಳು. ಸವದತ್ತಿಯಲ್ಲಿ ಬಸ್ ಬದಲಿಸಬೇಕು. ಯಲ್ಲಮ್ಮನ ವಾರ ಬೇರೆ, ನಿಲ್ದಾಣದ ತುಂಬ ಭಂಡಾರ ಹಚ್ಚಿಕೊಂಡ ಮಂದಿ. ಅದೇ ಗದ್ದಲದಲ್ಲಿ ಒಂದು ಕಟ್ಟೆಯ ಮೇಲೆ ಕುಳಿತು, ಲ್ಯಾಪ್‌ಟಾಪ್ ತೆಗೆದು ರಾಮದುರ್ಗದ ಗಡಿಯಾರವನ್ನು ಮತ್ತೊಮ್ಮೆ ಸರಿಮಾಡಿದಳು. ಮುಂದಿನ ಬಸ್ಸಿನಲ್ಲಿ ಅವಳ ದುಪಟ್ಟಾ ಅರಿಶಿನವಾಯಿತು, ಕಾಲು ಯಾರೋ ತುಳಿದರು, ಉದ್ದಕ್ಕೂ ಅವಳು ಆ ಕಳ್ಳನಿಗೆ ಏನೇನು ಅನ್ನಬೇಕೆಂದು ಮಾತು ಜೋಡಿಸುತ್ತಲೇ ಇದ್ದಳು. ತೊರಗಲ್ಲಿನ ಕೋಟೆ ಕಿಟಕಿಯಲ್ಲಿ ಬಂದು ಹೋಯಿತು, ಅದನ್ನೂ ನೋಡಲಿಲ್ಲ.

ಕಾಲೇಜು ಹಾಗೇ ಇತ್ತು. ನೇರ ಲ್ಯಾಬಿಗೆ ನಡೆದಳು. ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಯಾರೋ ಬಗ್ಗಿದ್ದರು. ಇಳಕಲ್ ಸೀರೆ, ಬೆಳ್ಳಗಾದ ತುರುಬು, ಮೂಗಿನ ತುದಿಗೆ ಜಾರಿದ ಕನ್ನಡಕ. ಒಂದೇ ಬೆರಳಿನಿಂದ, ತುಟಿ ಕಚ್ಚಿ ಹಿಡಿದು, ಪರದೆಯ ಮೂಲೆಯಲ್ಲಿದ್ದ ಟೈಮನ್ನು ಮುಂದೆ ಸರಿಸುತ್ತಿದ್ದರು.

ಕೃಷ್ಣವ್ವ. ಕಾಲೇಜಿನ ಆಯಾ. ಬಾಗಿಲು ತೆರೆಯುವುದು, ಗಂಟೆ ಬಾರಿಸುವುದು, ಸಂಜೆ ಲ್ಯಾಬಿನಿಂದ ಎಲ್ಲರನ್ನೂ ಅಟ್ಟುವುದು ಅವಳ ಕೆಲಸ. ದುರ್ಗಾಳನ್ನು ಎಷ್ಟು ಸಲ ಅಟ್ಟಿದ್ದಳೋ ಲೆಕ್ಕವಿಲ್ಲ. ಆಗ ದುರ್ಗಾಳಿಗೆ ಕಂಪ್ಯೂಟರಿನ ಹುಚ್ಚು. "ಇನ್ನ ಸ್ವಲ್ಪ ಕುಂಡರತೇನ್ರಿ ಮಾವಶಿ" ಎಂದು ಗೋಗರೆದರೂ ಬಿಡದೆ, "ಏಳ, ಎದ್ದ ನಡಿ" ಎಂದು ಮೇನ್ ಸ್ವಿಚ್ಚಿಗೇ ಕೈ ಹಾಕುತ್ತಿದ್ದಳು. ದುರ್ಗಾ ಚೀಲ ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಇಕಿ ಕೈ ಸೇದಿಹೋಗ್ಲಿ" ಎಂದು ಗೊಣಗಿಯೇ ಹೊರಡುತ್ತಿದ್ದದ್ದು.

ಕೃಷ್ಣವ್ವ ತಿರುಗಿ ನೋಡಿದಳು. "ಯವ್ವಾ, ನಮ್ಮ ದುರ್ಗಾ ಅಲ್ಲೇನ! ಛಲೋ ಆತು ಬಂದಿ, ನೀ ಇದರಾಗ ಶಾಣ್ಯಾಕಿ ಅದಿ. ಯಾವನೋ ಹಲ್ಕಟ್ ಮೂಳ ದಿನಾ ಈ ಗಡಿಯಾರ ಹಿಂದ ಸರಸಾಕತ್ಯಾನ ನೋಡ. ನಾ ಮುಂದ ಮಾಡ್ತೇನಿ, ಅವ ಹಿಂದ ಮಾಡ್ತಾನ. ಕೈಗೆ ಸಿಗಲಿ ಅವ, ಹಲ್ಲ ಮುರೀತೇನಿ!"

ದುರ್ಗಾ ಚೀಲ ಕೆಳಗಿಟ್ಟಳು. ಕಳ್ಳನಿಗೆಂದು ಜೋಡಿಸಿಕೊಂಡು ಬಂದ ಬೈಗುಳ ತಿರುಗಿ ತನಗೇ ಬಿದ್ದಿತ್ತು.

"ಮಾವಶಿ," ಎಂದಳು, "ಆ ಮೂಳ ನಾನ ರೀ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕೃಷ್ಣವ್ವ ಸೆರಗು ಬಾಯಿಗೆ ಹಿಡಿದು ನಕ್ಕ ನಗುವಿಗೆ ಪಕ್ಕದ ತರಗತಿಯ ಮೇಷ್ಟ್ರು ಹೊರಗೆ ಇಣುಕಿದರು.

ನಕ್ಕು ಮುಗಿದ ಮೇಲೆ ದುರ್ಗಾ ಕೇಳಿದಳು, ಯಾಕೆ ಮುಂದೆ ಮಾಡುತ್ತೀರಿ ಎಂದು. ಕೃಷ್ಣವ್ವ ಕಾರಿಡಾರಿನ ಗೋಡೆಯ ಗಡಿಯಾರ ತೋರಿಸಿದಳು. "ಅದರ ಹಂಗ ಇರಬೇಕಲ್ಲಾ. ಅದೂ ಹತ್ತು ಮಿನಿಟ ಮುಂದ ಐತಿ. ಸ್ಟಾಫ್ ರೂಮಿಂದೂ ಮುಂದ. ಮದಲ ಇಲ್ಲಿದ್ರಲ್ಲಾ ಮುತ್ತಪ್ಪ ಸರ್, ಅವ್ರು ಕಂಪ್ಯೂಟರಿಂದೂ ಹೆಂಗ ಮುಂದ ಮಾಡೂದಂತ ಕಲಿಸಿಕೊಟ್ಟಾರ."

"ಯಾಕ ರೀ ಮಾವಶಿ?"

"ಬಸ್ಸಿಗವಾ, ಮತ್ತ್ಯಾಕ? ನಿಮಗಿಂತ ಮದಲ ರಾಣಿ ಅಂತ ಒಂದು ಹುಡುಗಿ ಇತ್ತು, ಬಾಳ ಶಾಣ್ಯಾ. ಒಂದಿನ ಗಂಟಿ ಬಾರಿಸಿದ ಮ್ಯಾಲ ಬರಕೋತ ಕುಂತು ಬಸ್ ತಪ್ಪಿಸಿಕೊಂಡ್ಲು. ಮರದಿನದಿಂದ ಬರಲೇ ಇಲ್ಲ. ಅವರಪ್ಪ ಬಿಡಿಸಿ ಲಗ್ನಾ ಮಾಡಿಬಿಟ್ಟ. ನನಗ ಎಂಟ ದಿನ ಅನ್ನ ಸೇರಲಿಲ್ಲ. ಹುಡುಗ್ಯಾರು ಗಂಟಿ ಆದಮ್ಯಾಲೂ ಕುಂಡರೂವ್ರ. ಅದಕ್ಕ ಗಂಟೀನ ಹತ್ತು ಮಿನಿಟ ಮದಲ ಆದ್ರ? ಸ್ಟೂಲ್ ಹತ್ತಿ ಎಲ್ಲಾ ಗಡಿಯಾರ ಮುಂದ ಮಾಡಿದ್ನಿ. ಮುಂಜಾನಿ ಬಾಗಲಾ ಹತ್ತು ಮಿನಿಟ ಮದಲ ತಗದ್ರಾತು. ಯಾರಿಗೂ ಹೇಳಲಿಲ್ಲ. ಹೇಳಿದ್ರ ಹುಡುಗ್ಯಾರು ಹತ್ತು ಮಿನಿಟ ಹೆಚ್ಚಿಗಿ ಕುಂಡರತಿದ್ರು."

"ಎಂದಿನಿಂದ್ರಿ?"

"ನೀ ಇಲ್ಲಿ ಸೇರೂಕಿಂತ ಒಂದ್ ವರ್ಷ ಮದಲಿಂದ."

ದುರ್ಗಾ ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತಳು. ತೊರಗಲ್ ಬಸ್ಸು ಯಾವಾಗಲೂ ತಡ ಎಂದು ಅವಳೂ ಅವಳ ಗೆಳತಿಯರೂ ಆ ಡ್ರೈವರನಿಗೆ ವರ್ಷಗಟ್ಟಲೆ ಬೈದಿದ್ದರು. ಅವರು ಹೋಗಿ ಉಸ್ಸೆಂದು ನಿಂತು ಸುಧಾರಿಸಿಕೊಂಡ ಮೇಲೆಯೇ ಅದು ಬರುತ್ತಿತ್ತು. ಆ ಪಾಪದ ಬಸ್ಸು ತಡವಾಗಿ ಬರುತ್ತಲೇ ಇರಲಿಲ್ಲ! ತೊರಗಲ್ಲಿನ ಮನೆಯಲ್ಲಿ ಬಾಬಾಸಾಹೇಬರ ಫೋಟೊ ಪಕ್ಕ ಇದ್ದ ಗಡಿಯಾರ ಹಿಂದೆ ಬಿದ್ದಿದೆಯೆಂದು ಅಪ್ಪನ ಜೊತೆ ಜಗಳ ತೆಗೆದು ಹೊಸ ಸೆಲ್ ಹಾಕಿಸಿದ್ದಳು. ಒಂದಿನಾನೂ ಬಸ್ ತಪ್ಪಿಸಿಕೊಂಡಾಕಿ ಅಲ್ಲ ಎಂದು ಊರೆಲ್ಲ ಡಂಗುರ ಸಾರಿದವಳು ಅವಳು. ಅವಳ ಶಿಸ್ತು ಎಲ್ಲಿಯದು? ಕೊನೆಯ ಕ್ಷಣದವರೆಗೆ ಕುರ್ಚಿ ಬಿಡದೆ ಕೂತವಳು. ಡಿಗ್ರಿ, ಬೈಲಹೊಂಗಲದ ಕೆಲಸ, ಆ ಗುಂಯ್ ಎನ್ನುವ ಕೋಣೆ, ಎಲ್ಲವೂ ಒಬ್ಬ ಹೆಂಗಸು ಸ್ಟೂಲ್ ಹತ್ತಿ ಕೊಟ್ಟ ಹತ್ತು ನಿಮಿಷದಲ್ಲಿ ಬಂದದ್ದು.

"ಮಾವಶಿ, ನಾ ನಿಮಗ ದಿನಾ ಬೈತಿದ್ದೆ."

"ಕೇಳಸ್ತಿತ್ತಲ್ಲಾ."

"ಕೇಳಿಸಿದ್ರೂ ಏನೂ ಅನ್ನಲಿಲ್ಲ ನೀವು?"

"ಬೈಕೋತ ಹೋದ್ರೂ ಬಸ್ಸಿಗೇ ಹೋಗತಿದ್ದಿ ಅಲ್ಲ" ಎಂದಳು ಕೃಷ್ಣವ್ವ.

ದುರ್ಗಾ ಬಗ್ಗಿ ಅವಳ ಕಾಲು ಮುಟ್ಟಿದಳು. "ಏ, ಹುಚ್ಚಿ, ಏನ್ ಮಾಡಾಕತ್ತಿ, ಏಳ" ಎಂದು ಕೃಷ್ಣವ್ವ ಗಾಬರಿಯಾದಳು. ಆಮೇಲೆ ದುರ್ಗಾ ಟಿಕೆಟ್ಟಿನ ಕಥೆಯನ್ನೂ ಸೋಮವಾರದ ಮಾತನ್ನೂ ಹೇಳಿದಾಗ ಕೃಷ್ಣವ್ವನ ಮುಖ ಇಳಿಯಿತು. ತನ್ನಿಂದ ಈ ಹುಡುಗಿಯ ಕೆಲಸಕ್ಕೆ ಕುತ್ತು ಬಂತಲ್ಲ ಎಂದು, ಸ್ಟೂಲ್ ಎಳೆದು ತಂದು ಗೋಡೆ ಗಡಿಯಾರದ ಕೆಳಗಿಟ್ಟು ಹತ್ತಿದಳು.

"ಇಳೀರಿ ಕೆಳಗ!" ದುರ್ಗಾ ಜೋರಾಗಿ ಕೂಗಿದಳು. "ಆ ಗಡಿಯಾರಕ್ಕ ಕೈ ಹಚ್ಚಬ್ಯಾಡ್ರಿ. ನನಗ ಬೇಕಾದ್ದು ಕಂಪ್ಯೂಟರಿನ ಟೈಮ್ ಅಷ್ಟ."

"ಅದನ್ನ ಖರೇ ಮಾಡಿದ್ರ ಹುಡುಗ್ಯಾರು ಅದನ್ನ ನೋಡಕೋತ ಕುಂಡರತಾವಲ್ಲ. ಈಗಿನ ಮಕ್ಕಳು ಗ್ವಾಡಿ ಎಲ್ಲಿ ನೋಡ್ತಾವು?"

ಮಾತು ಖರೆಯೇ. ಕಂಪ್ಯೂಟರು ಸರಿಯಾದ ಟೈಮು ತೋರಿಸಿದರೆ ದುರ್ಗಾಳ ಕೋಣೆ ಉಳಿಯುತ್ತದೆ, ಯಾವುದೋ ಒಂದು ಸಂಜೆ ಯಾವುದೋ ಹುಡುಗಿಯ ಬಸ್ ಹೋಗುತ್ತದೆ. ತನಗೆ ಸಿಕ್ಕ ಹತ್ತು ನಿಮಿಷವನ್ನು ತಾನೇ ಬೇರೆಯವಳಿಂದ ಕಿತ್ತುಕೊಂಡ ಹಾಗಾಗುತ್ತದೆ. ದುರ್ಗಾ ಲ್ಯಾಪ್‌ಟಾಪ್ ತೆಗೆದು ಟಿಕೆಟ್ ಕೊಡುವ ಸರ್ವರನ್ನು ತೆರೆದಳು. ನಿಜಗುಣಪ್ಪನವರಿಗೆ ತಾನೇ ಹೇಳಿದ ಮಾತು ಆಗ ನೆನಪಾಯಿತು. ವ್ಯಾಳ್ಯಾ ಮುಗೀತಂದ್ರ ಅದು ರದ್ದಿ.

ಟಿಕೆಟ್ ಯಾವಾಗ ಮುಗಿಯಬೇಕೆಂದು ಬರೆಯುವ ಕೈ ಅವಳದೇ ತಾನೇ! ಮೊದಲು ಕಂಪ್ಯೂಟರಿನ ಟೈಮನ್ನು ಸರಿಮಾಡಿದಳು. ರಾಮದುರ್ಗದ ಲ್ಯಾಬಿನಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಟಿಕೆಟ್ ತೆಗೆದುಕೊಂಡರೂ, ಅದು ಸಂಜೆ ಕೃಷ್ಣವ್ವನ ಗಂಟೆಯ ಹೊತ್ತಿಗೆ, ಎಂದರೆ ಖರೆ ಟೈಮಿಗಿಂತ ಹತ್ತು ನಿಮಿಷ ಮೊದಲೇ, ಮುಗಿಯುವಂತೆ ಬರೆದಳು. ಮುಗಿದೊಡನೆ ಪರದೆ ತಾನಾಗಿ ಮುಚ್ಚಬೇಕು. ಎಷ್ಟು ಗೋಗರೆದರೂ ಮರುದಿನ ಬೆಳಗಿನತನಕ ಹೊಸ ಟಿಕೆಟ್ ಇಲ್ಲ. ಮುಚ್ಚಿದ ಪರದೆಯ ಮೇಲೆ ಏನು ಬರೆಯಲಿ ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. "ಏಳ, ಎದ್ದ ನಡಿ" ಎಂದು ದೊಡ್ಡ ಅಕ್ಷರದಲ್ಲಿ ಹಾಕಿದಳು. ಕೃಷ್ಣವ್ವ ಕನ್ನಡಕ ಏರಿಸಿ, ಕೂಡಿಸಿ ಕೂಡಿಸಿ ಓದಿ, "ಇದು ನನ್ನ ಮಾತಲ್ಲೇನ?" ಎಂದಳು.

ಅಲ್ಲಿಂದಲೇ ನಿಜಗುಣಪ್ಪನವರಿಗೆ ಫೋನು ಹಚ್ಚಿದಳು.

"ಸಿಕ್ಕನೇನ ಕಳ್ಳ?"

"ಸಿಕ್ಕಾರ್ರಿ ಸಾಹೇಬ್ರ. ಅವ್ರು ಇಲ್ಲಾಂದ್ರ ನಿಮ್ಮ ಸರ್ವರ್ ನೋಡಾಕ ನಾ ಇರತಿದ್ದಿಲ್ಲ" ಎಂದು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು.

"ಸೋಮವಾರ ನಾಲ್ಕೂ ಕಡೆ ನಡೀಬೇಕು, ನನಗ ಅಷ್ಟ ಗೊತ್ತು" ಎಂದರು ಅವರು. "ಗ್ವಾಡಿ ಗಡಿಯಾರದ ಉಸಾಬರಿ ನನಗ್ಯಾಕ?"

ಮನೆಗೆ ಬಂದು ಅಪ್ಪನಿಗೂ ಹೇಳಿದಳು. ಶಟ್ಟೆಪ್ಪ ಮೊದಲು, "ಅಂದ್ರ ನಮ್ಮ ಗಡಿಯಾರ ಬರೋಬ್ಬರಿ ಇತ್ತು! ಸುಳ್ಳ ಸೆಲ್ ಹಾಕಿಸಿದಿ" ಎಂದು ರೇಗಿದ. ಆಮೇಲೆ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಇಟ್ಟ. "ಒಂದಿನ ತಪ್ಪಿದ್ರೂ ಬಿಡಿಸೇ ಬಿಡತಿದ್ನಿ ತಂಗಿ. ಆವಾಗ ನನ್ನ ತಲಿ ಹಂಗ ಇತ್ತು. ಆ ತಾಯಿ ನನ್ನನ್ನೂ ಉಳಿಸಿದ್ಲು" ಎಂದ.

ಸೋಮವಾರ ಬೆಳಿಗ್ಗೆ ದುರ್ಗಾ ಗೋದಾಮಿನಲ್ಲಿ ಸರ್ವರಿನ ದಾಖಲೆ ತೆರೆದು ಕುಳಿತಿದ್ದಳು. ಬೈಲಹೊಂಗಲ ಒಳಗೆ ಬಂತು, ಕಿತ್ತೂರು ಬಂತು, ಸವದತ್ತಿ ಬಂತು. ರಾಮದುರ್ಗದ ಮಕ್ಕಳು ಒಬ್ಬೊಬ್ಬರಾಗಿ ಟಿಕೆಟ್ ತೆಗೆದುಕೊಂಡು ಪರೀಕ್ಷೆಗೆ ಕುಳಿತರು. ಮಧ್ಯಾಹ್ನ ನಿಜಗುಣಪ್ಪನವರು ಬಂದು, ಬಾಗಿಲಲ್ಲೇ ನಿಂತು, "ಪುಣೇದವ್ರಿಗೆ ಬ್ಯಾಡ ಅಂದೇನಿ. ಎಸಿ ಸ್ವಲ್ಪ ಕಡಿಮಿ ಇಡವಾ, ಥಂಡಿ ಬಾಳ ಐತಿ" ಎಂದು ಹೇಳಿ ಹೋದರು.

ಸಂಜೆ ಫೋನು ಬಂತು. ಕೃಷ್ಣವ್ವ.

"ಎಲ್ಲಾ ಕಂಪ್ಯೂಟರು ಒಮ್ಮಿಗಿಲೇ ಎದ್ದ ನಡಿ ಅಂದ್ವು ನೋಡವಾ! ನನ್ನ ಗಂಟ್ಲಾ ಉಳೀತು."

"ಹುಡುಗ್ಯಾರು ಹ್ವಾದ್ರೇನ್ರಿ?"

"ಹ್ವಾದ್ರು. ನಿಮ್ಮ ತೊರಗಲ್ಲಿಂದ ಒಂದು ಬರತೈತಿ, ನಿನ್ನಂಗ ಕುರ್ಚಿ ಬಿಡಂಗಿಲ್ಲ ಅದು. ಬಾಗಲದಾಗ ನಿಂತು, ಇದನ್ನ ಮಾಡಿದವ್ರ ಕೈ ಸೇದಿಹೋಗ್ಲಿ ಅಂತ ಬೈಕೋತ ಹೋತು. ನೀ ಮನಸಿಗೆ ಹಚ್ಕೋಬ್ಯಾಡ ಮತ್ತ."

"ಬಸ್ ಸಿಕ್ತೇನ್ರಿ ಆಕಿಗೆ?"

"ಸಿಗಲಾರದ ಏನ? ನಾನ ಗೇಟಿನ್ಯಾಗ ನಿಂತು ನೋಡೇನಿ."

ದುರ್ಗಾ ಕೀಬೋರ್ಡಿನ ಮೇಲಿದ್ದ ತನ್ನ ಎರಡೂ ಕೈ ನೋಡಿಕೊಂಡಳು. ನಗು ಬಂತು, ನಗುತ್ತಿದ್ದಂತೆ ಕಣ್ಣು ತುಂಬಿದವು.

"ಬೈಲಿ ಬಿಡ್ರಿ ಮಾವಶಿ" ಎಂದಳು. "ದಿನಾ ಬೈಲಿ."